ಮನೆಯ ಗಿಟಾರಿಗೆ ಎಷ್ಟು ದೊಡ್ಡ ಪೆಟ್ಟಿಗೆ?

ಪುಣೆಯ ಕೋಥರೂಡಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾಲ್ಕು ಸ್ಪೀಕರುಗಳ ಗಿಟಾರ್ ಕ್ಯಾಬಿನೆಟ್ ಇರಿಸಿಕೊಳ್ಳುವುದನ್ನು ರಸಿಕತೆಯೆಂದು ಕರೆಯಲು ನಾನು ಸಿದ್ಧನಿಲ್ಲ. 1960ರ ದಶಕದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಥ ಪೆಟ್ಟಿಗೆಗಳನ್ನು ಮಾಡಿದ್ದು ವೇದಿಕೆಗಾಗಿ, ಡ್ರಮ್ಮಿನ ಅಬ್ಬರವನ್ನು ಮೀರಿ ಸಭೆಯನ್ನು ಮುಟ್ಟಲೆಂದು. ನಮ್ಮ ಪಡಸಾಲೆಯಲ್ಲಿ ಯಾವ ಸಭೆ ನೆರೆದಿದೆ?

ಐವತ್ತು ವ್ಯಾಟಿನ ಬದಲು ಐದು ವ್ಯಾಟಿನ ಆಂಪ್ಲಿಫೈಯರ್ ತಂದರಾಯಿತು ಎನ್ನುವವರಿದ್ದಾರೆ. ಲೆಕ್ಕ ಹಾಗಿಲ್ಲ. ಶಕ್ತಿ ಹತ್ತರಲ್ಲೊಂದು ಪಾಲಾದರೂ ಶಬ್ದ ತಗ್ಗುವುದು 10 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸುಮಾರು ಅರ್ಧ. ಹನ್ನೆರಡಂಗುಲದ ಸಾಮಾನ್ಯ ಗಿಟಾರ್ ಸ್ಪೀಕರು ಒಂದೇ ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 97ರಿಂದ 100 ಡೆಸಿಬೆಲ್ ಕೊಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಗೊತ್ತುಪಡಿಸಿದ ಮಿತಿ ಹಗಲು 55, ರಾತ್ರಿ 45. ಆದ್ದರಿಂದ ಕೊಳ್ಳುವಾಗ ಕೇಳಬೇಕಾದದ್ದು ಸ್ಪೀಕರು ಎಷ್ಟು ವ್ಯಾಟ್ ತಾಳುತ್ತದೆಂದಲ್ಲ, ಒಂದು ವ್ಯಾಟಿಗೆ ಎಷ್ಟು ಕೂಗುತ್ತದೆಂದು. (ಅಂಗಡಿಯೊಂದರಲ್ಲಿ ಹೀಗೆ ಕೇಳಿ ನಾನು ನಗೆಪಾಟಲಾದದ್ದೂ ಉಂಟು.)

ನನ್ನ ಮತ ಒಂದೇ ಸ್ಪೀಕರಿನ, ಕಡಿಮೆ ಕೂಗುವ, ಹಿಂಬದಿ ಅರ್ಧ ತೆರೆದ ಪೆಟ್ಟಿಗೆಗೆ. ಮುಚ್ಚಿದ ಪೆಟ್ಟಿಗೆಯ ಮಂದ್ರ ಬಿಗಿಯಾಗಿರುತ್ತದೆ, ನಿಜ. ಆದರೆ ಗೋಡೆಯನ್ನು ಸುಲಭವಾಗಿ ದಾಟುವುದೂ ಮಂದ್ರವೇ. ಅದನ್ನು ನೆಲಕ್ಕಿಡದೆ ಕುರ್ಚಿಯ ಮೇಲೆ, ಕಿವಿಯತ್ತ ಓರೆಯಾಗಿಸಿ ಇಡಬೇಕು. ತಾರಧ್ವನಿ ನೇರ ಮುಂದಕ್ಕೆ ಹೋಗುತ್ತದೆ. ಮೊಣಕಾಲಿಗೆ ಕೇಳಿಸಿ ಫಲವೇನು? ಕಿವಿಗೆ ಮುಟ್ಟಿದರೆ ಗುಬಟು ತಿರುಗಿಸುವ ಚಪಲವೂ ಇಳಿಯುತ್ತದೆ.

ಗಾತ್ರವಿಲ್ಲದೆ ನಾದ ತುಂಬದು ಎನ್ನುವವರು ಭೀಮಸೇನ ಜೋಶಿಯವರು ಬಾಳಿದ ಈ ಊರಿನಲ್ಲಿ, ಮಿರಜಿನ ತಂಬೂರಿಯೊಂದರ ಪಕ್ಕ ಒಮ್ಮೆ ಕೂರಲಿ. ಅದರ ಸೋರೆಬುರುಡೆ ಕೋಣೆಯನ್ನು ತುಂಬುತ್ತದೆ. ಪಕ್ಕದ ಮನೆಯ ಮಗು ನಿದ್ರಿಸುತ್ತಲೇ ಇರುತ್ತದೆ.