ನಾಗಲಾಪುರದ ನಾಗಲೆ: ತಾಯಿಯೋ, ಹೆಂಡತಿಯೋ?

ಹೊಸಪೇಟೆಯ ಹಳೇ ಹೆಸರು ನಾಗಲಾಪುರ. ಕೃಷ್ಣದೇವರಾಯ ತಾಯಿ ನಾಗಲಾಂಬಿಕೆಯ ಹೆಸರಿಟ್ಟ ಅಂತ ಊರಲ್ಲಿ ಹೇಳ್ತಾರೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪಾಯೆಸ್ ಮಾತ್ರ ಅದು ರಾಯನ ಪ್ರೀತಿಯ ಹೆಂಡತಿಯ ಹೆಸರು ಅಂತ ಬರೆದಿದ್ದಾನೆ. ಇಂಗ್ಲಿಷ್ ಮೀಡಿಯಂನವರಾದ ನಾವು ಸೆವೆಲ್ ಪುಸ್ತಕದಲ್ಲಿ ಮೊದಲು ಓದಿದ್ದು ಇದನ್ನೇ, ನಂಬಿಯೂ ಬಿಟ್ಟಿದ್ವಿ.

ಆದ್ರೆ ಹಂಪಿಯ ವಿರೂಪಾಕ್ಷ ಗುಡಿಯಲ್ಲೇ ರಾಯನ ಶಕ 1430ರ ಶಾಸನ ಇದೆ. ಅದರ ವಂಶಾವಳಿ ಶುರುವಾಗೋದು ಚಂದ್ರನಿಂದ! ಅದನ್ನ ಬಿಡಿ, ಎಷ್ಟೋ ರಾಜರು ಹಾಗೆ ಹೇಳ್ಕೊಂಡಿದ್ದಾರೆ. ಕೆಳಗಿಳಿದ ಹಾಗೆ ಲೆಕ್ಕ ಗಟ್ಟಿಯಾಗುತ್ತೆ: ತಿಮ್ಮ ಮತ್ತು ದೇವಕಿಯ ಮಗ ಈಶ್ವರ, ಈಶ್ವರ ಮತ್ತು ಬುಕ್ಕಮ್ಮನ ಮಗ ನರಸ. ನರಸನಿಗೆ ತಿಪ್ಪಾಂಬೆಯಲ್ಲಿ ವೀರನರಸಿಂಹ, ನಾಗಲೆಯಲ್ಲಿ ಕೃಷ್ಣರಾಯ. ಮುಂದೆ ಪಟ್ಟಕ್ಕೆ ಬಂದ ಮಲತಮ್ಮ ಅಚ್ಯುತರಾಯ ತನ್ನ ಶಾಸನಗಳಲ್ಲಿ ತಾಯಿ ಓಬಾಂಬಿಕೆಯ ಹೆಸರು ಸೇರಿಸಿದ, ನಾಗಲೆಯನ್ನ ಇದ್ದಲ್ಲೇ ಉಳಿಸಿದ. ಅವಳನ್ನ ಹೊಗಳಿ ಅವನಿಗೇನೂ ಆಗಬೇಕಿರಲಿಲ್ಲ. ಅದಕ್ಕೇ ನಮಗೆ ಅವನ ಸಾಕ್ಷಿ ದೊಡ್ಡದು.

ಊರಿಗೆ ಆ ಹೆಸರು ಯಾಕೆ ಬಂತು ಅಂತ ಈ ಶಾಸನ ಹೇಳಲ್ಲ, ನಿಜ. ಆದರೂ ನಾಗಲೆ ತಾಯಿ ಅನ್ನೋದು ಕಲ್ಲಿನ ಮೇಲಿದೆ. ಭಾಷೆ ಬರದ ಪಾಯೆಸ್‌ಗೆ ಯಾರೋ ಹೇಳಿದ್ದು ತಪ್ಪಾಗಿ ಕೇಳಿಸಿರಬೇಕು ಅಂತ ನಮ್ಮ ಅನಿಸಿಕೆ.

ಇನ್ನೊಂದು ಮಾತು. ಐನೂರು ವರ್ಷದ ಕಲ್ಲಲ್ಲಿ ರಾಯನ ಅಜ್ಜಿ, ಮುತ್ತಜ್ಜಿಯರ ಹೆಸರಿದೆ. ನಮ್ಮ ಮನೆಗಳ ವಂಶವೃಕ್ಷದಲ್ಲಿ ಬರೀ ಗಂಡಸರು. ಈ ದಸರಾ ರಜೆಗೆ ಊರಿಗೆ ಹೋದಾಗ ಮುತ್ತಜ್ಜಿಯ ಹೆಸರು ಕೇಳಿ ಬರ್ಕೊಳ್ಳೋಣ, ಹೇಳೋರು ಇರುವಾಗಲೇ.