ವಿದ್ಯುತ್ ಬಂದರೂ ಇಂಗಾಲ ಬೇಕು

2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಸಾಧಿಸುವುದಾಗಿ ಭಾರತ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟಿತು. ವಾಹನ, ಒಲೆ, ಕಾರ್ಖಾನೆಗಳೆಲ್ಲ ಸೂರ್ಯ, ಗಾಳಿಗಳ ವಿದ್ಯುತ್ತಿಗೆ ಬದಲಾದರೆ ಇಂಗಾಲದ ಚಿಂತೆ ತೀರಿತು ಎಂದು ಅನೇಕರು ನಂಬಿದ್ದಾರೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಕಂಡವರಿಗೆ ಈ ನಂಬಿಕೆ ಸಹಜ. ಆ ಬದಲಾವಣೆ ಬೇಗ ಆಗಲಿ ಎಂಬುದೇ ನನ್ನ ಹಾರೈಕೆಯೂ ಹೌದು. ಆದರೂ ಈ ಲೆಕ್ಕ ಅಪೂರ್ಣ ಎಂದು ವಿನಯದಿಂದ ಹೇಳಬಯಸುತ್ತೇನೆ. ಇಂಗಾಲವನ್ನು ನಾವು ಉರಿಸುವುದರ ಜೊತೆಗೆ ಅದರಿಂದ ವಸ್ತುಗಳನ್ನೂ ತಯಾರಿಸುತ್ತೇವೆ.

ಯೂರಿಯಾವನ್ನೇ ನೋಡಿ. ಅದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಆಗುವ ಗೊಬ್ಬರ; ಒಂದು ಟನ್ ಯೂರಿಯಾಕ್ಕೆ ಸುಮಾರು 730 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಇಂದು ನಮ್ಮ ಕಾರ್ಖಾನೆಗಳು ಎರಡನ್ನೂ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಪಡೆಯುತ್ತವೆ. ನಾಳೆ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆದರೆ ಅಮೋನಿಯಾ ಸಿಕ್ಕೀತು, ಇಂಗಾಲ ಸಿಗದು. ಪ್ಲಾಸ್ಟಿಕ್, ಬಣ್ಣ, ಔಷಧಗಳಿಗೂ ಇಂಗಾಲ ಬೇಕೇ ಬೇಕು.

ಸಿಮೆಂಟಿನದು ತದ್ವಿರುದ್ಧ ಸಮಸ್ಯೆ. ಸೇಡಂ, ವಾಡಿ ಕಡೆಯ ಸುಣ್ಣದಕಲ್ಲನ್ನು ವಿದ್ಯುತ್ತಿನಿಂದಲೇ ಕಾಯಿಸಿದರೂ, ಪ್ರತಿ ನೂರು ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದು ಕಲ್ಲಿನೊಳಗೇ ಇದ್ದದ್ದು. ಅದನ್ನೇ ಹಿಡಿದು ಯೂರಿಯಾಕ್ಕೆ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಹೊಲಕ್ಕೆ ಹಾಕಿದ ಯೂರಿಯಾ ಕರಗಿ ಆ ಇಂಗಾಲವನ್ನು ಮತ್ತೆ ಬಿಟ್ಟುಕೊಡುತ್ತದೆ. ಕಲ್ಲಿನ ಇಂಗಾಲ ತುಸು ತಡವಾಗಿ ಗಾಳಿ ಸೇರುತ್ತದೆ, ಅಷ್ಟೇ.

ಹೀಗಾಗಿ ಇಂಗಾಲ ಎಲ್ಲಿಂದ ಬಂತು ಎಂಬುದೇ ಮುಖ್ಯ. ಬೆಳಗಾವಿ, ಬಾಗಲಕೋಟೆಯ ಡಿಸ್ಟಿಲರಿಗಳಲ್ಲಿ ಕಾಕಂಬಿ ಹುದುಗುವಾಗ ಹೆಚ್ಚುಕಡಿಮೆ ಎಥನಾಲಿನಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಬೆರಕೆ ಕಡಿಮೆ ಇರುವುದರಿಂದ ಹಿಡಿಯುವುದು ಸುಲಭ. ಕಬ್ಬು ಅದನ್ನು ಗಾಳಿಯಿಂದಲೇ ಹೀರಿಕೊಂಡಿತ್ತು. ಮರಳಿ ಗಾಳಿ ಸೇರಿದರೂ ಹೊಸ ಹೊರೆಯಾಗದು.

ಹಾಗೆಂದು ಎಲ್ಲೆಡೆ ಕಬ್ಬು ನೆಡಲಾಗದು. ನೆಲ, ನೀರು ಎರಡಕ್ಕೂ ಮಿತಿಯಿದೆ. ಆದ್ದರಿಂದಲೇ ಸಸ್ಯದ ಇಂಗಾಲ ದುಬಾರಿ ಸಂಪತ್ತು. ಬಿಸಿಲು ಕೊಡಬಲ್ಲ ವಿದ್ಯುತ್ತಿಗಾಗಿ ಅದನ್ನು ಸುಡುತ್ತ ಹೋದರೆ, ಇಂಗಾಲವಿಲ್ಲದೆ ಆಗದ ವಸ್ತುಗಳಿಗೆ ಮತ್ತೆ ತೈಲಬಾವಿಗೇ ಹೋಗಬೇಕಾಗುತ್ತದೆ. ವಿದ್ಯುತ್ತು ಬಿಸಿಲು, ಗಾಳಿಯಿಂದ ಬರಲಿ. ವಸ್ತುಗಳಿಗೆ ಬೇಕಾದ ಇಂಗಾಲ ಸಸ್ಯಗಳಿಂದ ಮತ್ತು ಮರುಬಳಕೆಯಿಂದ ಬರಲಿ. ಕಲ್ಲಿನಿಂದ ಬಿಡುಗಡೆಯಾದದ್ದು ನೆಲದಾಳಕ್ಕೆ ಮರಳಲಿ. ನಿವ್ವಳ ಶೂನ್ಯದ ಯೋಜನೆ ಬರೆಯುವವರು ಮೆಗಾವಾಟುಗಳ ಜೊತೆಗೆ ಈ ಲೆಕ್ಕವನ್ನೂ ಇಂದೇ ಇಡಬೇಕು.