ಕಂತು ಕಟ್ಟುವವನ ತಕರಾರು
ಪುಣೆಯ ಹಿಂಜವಾಡಿಯ ಐಟಿ ಪಾರ್ಕಿನಲ್ಲಿ ದುಡಿಯುವ ಕನ್ನಡದ ಹುಡುಗರಿಗೆ ಕಂಪನಿಯ ಗುಂಪು ಆರೋಗ್ಯ ವಿಮೆ ಇದೆ, ಕೆಲಸ ಇರುವವರೆಗೆ. ಜೊತೆಗಿರುವ ಅಪ್ಪ-ಅಮ್ಮನಿಗೆ 70 ತುಂಬಿದ್ದರೆ 2024ರಿಂದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ; ಮಗನ ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. ನನ್ನಂಥ ಹಳೇ ಕಾಲದವನ ತಕರಾರು ಇಲ್ಲೇ. ಇಲ್ಲದವನಿಗೆ ಸರ್ಕಾರ ಧಾರಾಳವಾಗಿ ಕೊಡಲಿ, ಉಳ್ಳವನ ಆಸ್ಪತ್ರೆ ಬಿಲ್ಲು ತೆರಿಗೆದಾರನ ತಲೆಗೇಕೆ? 2003ರಲ್ಲಿ ಶುರುವಾದ ನಮ್ಮ ಕರ್ನಾಟಕದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಸಹಕಾರ ಸಂಘದ ರೈತನೂ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದ. ಸರ್ಕಾರದ ಪಾಲೂ ಇತ್ತು, ಒಪ್ಪಿದೆ. ಆದರೆ ಕಟ್ಟಿದವನಿಗೆ ಗದರಿಸಿ ಕೇಳುವ ಹಕ್ಕಿರುತ್ತದೆ. ಅತ್ತ, ಸ್ವಂತ ದುಡ್ಡಲ್ಲಿ ವಿಮೆ ಮಾಡಿಸಿದವನ ಕಂತಿನ ಮೇಲೆ ಶೇ 18 ಜಿಎಸ್‌ಟಿ ವಸೂಲಿ ಮಾಡುತ್ತಿದ್ದ ಸರ್ಕಾರ ಅದನ್ನು ಕೈಬಿಟ್ಟದ್ದು 2025ರ ಸೆಪ್ಟೆಂಬರ್‌ನಲ್ಲಿ.